ಅಡಕೆಗೆ ಹೋದ ಮಾನ

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ಆನೆಯ ಬೆಲೆಯನ್ನು ಪೌಂಡುಗಳಲ್ಲಿ ಗೊತ್ತುಮಾಡಿ ಅಂಚೆಯಲ್ಲಿ ಕಳುಹಿಸುವವರೂ ಉಂಟೆಂಬುದು ತಿಳಿದದ್ದು ಈಚೆಗೆ.

ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ತನ್ನ ಸಂಕಟವನ್ನು ತೋಡಿಕೊಂಡ. ಅವನ 15 ವರ್ಷದ ಮಗ ಅಂಗಡಿಯೊಂದರಲ್ಲಿ ಸಣ್ಣದೊಂದು ವಸ್ತುವನ್ನು ಜೇಬಿಗಿಳಿಸಿ ಕಾವಲುಗಾರನ ಕೈಗೆ ಸಿಕ್ಕಿದ್ದ. ವಸ್ತುವನ್ನು ಆಗಲೇ ಹಿಂದಿರುಗಿಸಿದ್ದಾಯಿತು, ಪೊಲೀಸರು ಬರಲಿಲ್ಲ. ಕೆಲವು ವಾರಗಳ ಮೇಲೆ ಅಂಗಡಿಯ ಪರವಾಗಿ ಬೇರೊಂದು ಸಂಸ್ಥೆಯ ಕಾಗದ ಬಂದಿತು: ನಷ್ಟಪರಿಹಾರವಾಗಿ ಇಷ್ಟು ಹಣ ಕಟ್ಟತಕ್ಕದ್ದು, ತಪ್ಪಿದರೆ ನ್ಯಾಯಾಲಯ. “ಕಟ್ಟಿ ಕೈತೊಳೆದುಕೊಳ್ಳಲೇ ಸಾರ್?” ಎಂದು ಕೇಳಿದ.

ವ್ಯಾಕರಣ ಹೇಳುವ ನನಗೆ ಕಾನೂನೆಲ್ಲಿಂದ ಬರಬೇಕು? ಒಂದು ದಿನದ ಅವಕಾಶ ಕೇಳಿ, ಸಿಕ್ಕಿದ್ದನ್ನು ಓದಿದೆ. ಈ ಪದ್ಧತಿಗೆ ಅಲ್ಲಿ ‘ಸಿವಿಲ್ ರಿಕವರಿ’ ಎಂದು ಹೆಸರು. ಕಳ್ಳತನಕ್ಕೆ ಶಿಕ್ಷೆ ವಿಧಿಸುವುದು ರಾಜ್ಯದ ಕೆಲಸ. ತನಗಾದ ನಷ್ಟವನ್ನು ಕೇಳುವುದು ವರ್ತಕನ ಹಕ್ಕು. ಈ ಎರಡೂ ಬೇರೆ ಬೇರೆ. ಕಾಗದದ ಧ್ವನಿಯಲ್ಲಿ ಮಾತ್ರ ಎರಡೂ ಬೆರೆತು, ಹಣ ಕಟ್ಟದಿರುವುದೇ ಮತ್ತೊಂದು ಅಪರಾಧವೆಂಬ ಭ್ರಮೆ ಹುಟ್ಟುತ್ತದೆ. ‘ಸಿಟಿಜನ್ಸ್ ಅಡ್ವೈಸ್’ ಎಂಬ ಸಲಹಾ ಸಂಸ್ಥೆ 2009ರಲ್ಲಿಯೇ ಇಂಥ ಬೇಡಿಕೆಗಳ ನ್ಯಾಯವನ್ನು ಪ್ರಶ್ನಿಸಿ ವರದಿ ಹೊರಡಿಸಿತ್ತು.

2012ರಲ್ಲಿ ಆಕ್ಸ್‌ಫರ್ಡಿನ ಕೌಂಟಿ ನ್ಯಾಯಾಲಯದಲ್ಲಿ ಇಂಥದೊಂದು ದಾವೆ ವಿಚಾರಣೆಗೆ ಬಂದಿತು. ಕದ್ದವರು ಇಬ್ಬರು ಎಳೆಯ ಹುಡುಗಿಯರು. ಕದ್ದ ಮಾಲು ಅಂಗಡಿಗೆ ಮರಳಿ ಸಿಕ್ಕಿತ್ತು. ಆದರೂ ಕಾವಲಿನವರ ವೇಳೆ, ಕಚೇರಿಯ ಖರ್ಚು, ಕಾವಲು ಸಾಧನಗಳ ವೆಚ್ಚವೆಂದು ವರ್ತಕ ಹಣ ಕೇಳಿದ್ದ. ನ್ಯಾಯಾಧೀಶ ಚಾರ್ಲ್ಸ್ ಹ್ಯಾರಿಸ್ ದಾವೆಯನ್ನು ವಜಾ ಮಾಡಿದರು. ಕಾವಲುಗಾರರು ತಮಗೆ ಸಂಬಳ ಸಲ್ಲುತ್ತಿದ್ದ ಕೆಲಸವನ್ನೇ ಮಾಡಿದ್ದರು. ಹುಡುಗಿಯರು ಕದಿಯದಿದ್ದರೂ ಆ ವೆಚ್ಚ ತಪ್ಪುತ್ತಿರಲಿಲ್ಲ. ಕೆಳಗಿನ ನ್ಯಾಯಾಲಯದ ತೀರ್ಪು ಇತರರನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಅದರ ತರ್ಕ ಯಾರಿಗೂ ಅರ್ಥವಾಗುವಂಥದು.

ಎಲ್ಲ ದೇಶಕ್ಕೂ ಇದೇ ಮಾತು ಸಲ್ಲದು. ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ಇದಕ್ಕೆಂದೇ ಶಾಸನಗಳಿವೆ. ಕ್ಯಾಲಿಫೋರ್ನಿಯದ ಕಾನೂನು ಅಪ್ರಾಪ್ತವಯಸ್ಕನ ಸಣ್ಣ ಕಳವಿಗೆ ತಂದೆತಾಯಿಗಳನ್ನೇ 50ರಿಂದ 500 ಡಾಲರುಗಳವರೆಗೆ ಹೊಣೆ ಮಾಡುತ್ತದೆ. ಇಂಗ್ಲೆಂಡಿನಲ್ಲಾದರೋ ತಂದೆಯೆಂಬ ಒಂದೇ ಕಾರಣಕ್ಕೆ ಮಗನ ತಪ್ಪಿನ ಸಾಲ ತಂದೆಯ ತಲೆಗೆ ಬರುವುದಿಲ್ಲ.

ಮರುದಿನ ಅವನಿಗೆ ಹೇಳಿದೆ: ನಷ್ಟದ ವಿವರವಾದ ಲೆಕ್ಕವನ್ನು ಬರೆದು ಕೇಳು. ವಸ್ತು ಕೆಟ್ಟಿದ್ದರೆ ಅದರ ಬೆಲೆಯನ್ನು ಕೊಡುವುದು ಧರ್ಮ. ಹಣ ಕಟ್ಟಿದ ಮಾತ್ರಕ್ಕೆ ಪೊಲೀಸರ ಹಾದಿ ಮುಚ್ಚುವುದಿಲ್ಲ; ಕಟ್ಟದಿದ್ದರೆ ಅದೇ ಅಪರಾಧವಾಗುವುದೂ ಇಲ್ಲ. ಆದರೆ ನ್ಯಾಯಾಲಯದ ದಾವೆಪತ್ರವೇ ಬಂದರೆ ಅಲಕ್ಷಿಸಬೇಡ. 14 ದಿನಗಳೊಳಗೆ ಉತ್ತರ ಕೊಡಬೇಕು. ಅಲ್ಲಿನ ಉಚಿತ ಸಲಹಾ ಕೇಂದ್ರದವರನ್ನು ಮೊದಲು ಕಾಣು.

ಅವನಿಗೆ ಸಮಾಧಾನವಾದಂತೆ ತೋರಲಿಲ್ಲ. “ಊರಿನವರಿಗೆ ತಿಳಿದರೆ?” ಎಂದ. ಆಗ ಹೊಳೆಯಿತು: ಆ ಕಾಗದದ ಬಲವಿದ್ದುದು ಕಾನೂನಿನಲ್ಲಲ್ಲ, ಈ ಅಂಜಿಕೆಯಲ್ಲಿ. ಗುಟ್ಟಾಗಿ ಹಣ ಕಟ್ಟಿದರೆ, ತಪ್ಪಿಗೊಂದು ಬೆಲೆಯುಂಟು, ಅದನ್ನು ಅಪ್ಪ ತೆರುತ್ತಾನೆ ಎಂದು ಹುಡುಗ ಕಲಿತಾನು. ಕಾಗದವನ್ನು ಗೆದ್ದು ಬೀಗಿದರೆ, ತಾನು ಮಾಡಿದ್ದು ತಪ್ಪೇ ಅಲ್ಲವೆಂದು ತಿಳಿದಾನು. ವರ್ತಕನ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ.

“ಹುಡುಗ ಏನು ಹೇಳುತ್ತಾನೆ? ಏಕೆ ತೆಗೆದನಂತೆ?” ಎಂದು ಕೇಳಿದೆ.

ಅವನು ತುಸು ಹೊತ್ತು ಸುಮ್ಮನಿದ್ದ. “ಇನ್ನೂ ಕೇಳಿಲ್ಲ ಸಾರ್. ಈ ಕಾಗದದ ಗಡಿಬಿಡಿಯಲ್ಲೇ ಇದ್ದೆ.”

ಕಾಗದಕ್ಕೆ ನಾಳೆ ಉತ್ತರ ಬರೆದರೂ ಆದೀತು, ಮಗನೊಡನೆ ಇಂದೇ ಮಾತಾಡು ಎಂದು ಹೇಳಿ ಫೋನನ್ನು ಇಟ್ಟೆ.