ಕಾಯಂ, ಗುತ್ತಿಗೆ ಮತ್ತು ಅರ್ಧಕ್ಕೆ ನಿಂತ ಲೆಕ್ಕ

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ದಾಂದಲೆಯನ್ನು ಬಹುತೇಕರು ಕಾನೂನು-ಸುವ್ಯವಸ್ಥೆಯ ಪ್ರಶ್ನೆಯೆಂದು ಓದಿ ಮರೆತಿದ್ದಾರೆ. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅಂದು ಅಲ್ಲಿದ್ದ ಕಾರ್ಮಿಕರಲ್ಲಿ ಬಹುಪಾಲು ಜನ ವಿಸ್ಟ್ರಾನ್ ಕಂಪನಿಯ ನೌಕರರೇ ಆಗಿರಲಿಲ್ಲ ಎಂಬ ಅಂಶ ಗಮನಾರ್ಹ. ಅವರು ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಅಲ್ಪಾವಧಿಯಲ್ಲಿ ಕಾರ್ಮಿಕರ ಸಂಖ್ಯೆ ದುಪ್ಪಟ್ಟಾಯಿತು. ಹಾಜರಾತಿ ಮತ್ತು ವೇತನದ ಲೆಕ್ಕವಿಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಸಂಬಳ ಕಡಿಮೆ ಬಂದಾಗ ಕಂಪನಿಯನ್ನು ಕೇಳಬೇಕೋ ಏಜೆನ್ಸಿಯನ್ನು ಕೇಳಬೇಕೋ ಎಂಬುದು ಅನೇಕರಿಗೆ ತಿಳಿಯಲಿಲ್ಲ. ಆಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು, ವಿಸ್ಟ್ರಾನ್ ಕ್ಷಮೆ ಕೇಳಿತು. ಗುತ್ತಿಗೆಯಿಂದ ಉಳಿತಾಯವಾಗಿದ್ದ ಹಣದ ಎದುರು ಈ ನಷ್ಟವನ್ನು ಯಾವ ಲೆಕ್ಕಪತ್ರದಲ್ಲಿ ಬರೆಯುವುದು?

ಒಂದು ಸಂಸ್ಥೆಗೆ ಎಂತಹ ನೇಮಕಾತಿ ಪದ್ಧತಿ ಸೂಕ್ತ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಹಳೆಯ ಉತ್ತರವೊಂದಿದೆ. ಎಲ್ಲವನ್ನೂ ಮಾರುಕಟ್ಟೆಯಲ್ಲೇ ಕೊಳ್ಳಬಹುದಾದರೆ ಕಂಪನಿಗಳು ಇರುವುದಾದರೂ ಏಕೆ ಎಂದು ರೊನಾಲ್ಡ್ ಕೋಸ್ 1937ರಲ್ಲಿ ಕೇಳಿದರು. ಕೊಳ್ಳುವುದಕ್ಕೂ ಖರ್ಚಿದೆ ಎಂಬುದು ಅವರ ಉತ್ತರ. ಜನರನ್ನು ಹುಡುಕುವುದು, ಕರಾರು ಬರೆಯುವುದು, ಕರಾರಿನಂತೆ ನಡೆಯುತ್ತಿದೆಯೇ ಎಂದು ಕಾಯುವುದು ಇವೆಲ್ಲಕ್ಕೂ ಹಣ ಬೇಕು. ಆ ಖರ್ಚು ಮಿತಿ ಮೀರುವ ಕಡೆ ಕೆಲಸವನ್ನು ಸಂಸ್ಥೆಯ ಒಳಗೇ ಇಟ್ಟುಕೊಳ್ಳುವುದು ಲಾಭದಾಯಕ. ನಮ್ಮ ಉದ್ಯಮಿಗಳು ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಕೆಲಸವನ್ನು ಕಲಿಯಲು ಎಷ್ಟು ತಿಂಗಳು ಬೇಕು? ಕಲಿತವನು ಬಿಟ್ಟುಹೋದರೆ ನಷ್ಟ ಯಾರಿಗೆ?

ಹೆನ್ರಿ ಫೋರ್ಡ್‌ಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗಿತ್ತು. 1913ರಲ್ಲಿ ಆತನ ಕಾರ್ಖಾನೆಯಲ್ಲಿ ಕಾರ್ಮಿಕರ ಬದಲಾವಣೆಯ ಪ್ರಮಾಣ ಶೇ 370ರಷ್ಟಿತ್ತು. ಅಂದರೆ ವರ್ಷವೊಂದರಲ್ಲಿ ಪ್ರತಿ ಜಾಗಕ್ಕೂ ಮೂರು ನಾಲ್ಕು ಜನರನ್ನು ಹುಡುಕಿ ಕಲಿಸಬೇಕಿತ್ತು. 1914ರಲ್ಲಿ ದಿನದ ಸಂಪಾದನೆಯನ್ನು ಐದು ಡಾಲರಿಗೆ, ಹೆಚ್ಚುಕಡಿಮೆ ದುಪ್ಪಟ್ಟು ಏರಿಸಿದ. ಅದು ದಾನವಾಗಿರಲಿಲ್ಲ.

ನಮ್ಮಲ್ಲಿ ಸಾಗುತ್ತಿರುವ ದಿಕ್ಕು ಬೇರೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ ಈ ಶತಮಾನದ ಆರಂಭದಲ್ಲಿ ಸಂಘಟಿತ ಕಾರ್ಖಾನೆಗಳ ಐವರು ಕಾರ್ಮಿಕರಲ್ಲಿ ಸುಮಾರು ಒಬ್ಬ ಗುತ್ತಿಗೆಯವನಿದ್ದ; 2022-23ರ ವೇಳೆಗೆ ಇಬ್ಬರಾದರು. ಕಾರಣ ಕೇಳಿದರೆ ಉದ್ಯಮಿಗಳು ಕಾನೂನಿನತ್ತ ಬೊಟ್ಟು ಮಾಡುತ್ತಿದ್ದರು. ನೂರು ಕಾರ್ಮಿಕರನ್ನು ಮುಟ್ಟಿದ ಕಾರ್ಖಾನೆ ಒಬ್ಬನನ್ನು ಕಡಿತ ಮಾಡಲೂ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಆ ದೂರಿನಲ್ಲಿ ಹುರುಳಿತ್ತು. ಅಂತಹ ಅರ್ಜಿಗಳು ಕಚೇರಿಗಳಲ್ಲಿ ಎಷ್ಟು ಕಾಲ ಮಲಗುತ್ತಿದ್ದವು ಎಂಬುದನ್ನು ಸೇವೆಯಲ್ಲಿದ್ದ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ವಾದ ಬಹುಮಟ್ಟಿಗೆ ಸವೆದಿದೆ. ಅನುಮತಿಯ ಮಿತಿ ಮುನ್ನೂರು ಕಾರ್ಮಿಕರಿಗೆ ಏರಿದೆ. ಮುಖ್ಯ ಚಟುವಟಿಕೆಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ನಿಷೇಧಿಸಲಾಗಿದೆ (ಕೆಲಸ ಹಠಾತ್ತನೆ ಹೆಚ್ಚಿದಾಗಿನ ವಿನಾಯಿತಿ ಎಷ್ಟು ಹಿಗ್ಗುತ್ತದೆಂದು ಕಾದು ನೋಡಬೇಕು). ಕಂಪನಿಯೇ ನೇರವಾಗಿ ನಿಗದಿತ ಅವಧಿಗೆ ನೇಮಿಸಿಕೊಳ್ಳುವ ದಾರಿಯಂತೂ ಸ್ಪಷ್ಟವಾಗಿದೆ. 2003ರಲ್ಲಿ ತೆರೆದು 2007ರಲ್ಲಿ ಮುಚ್ಚಿ, 2016ರಲ್ಲಿ ಸಿದ್ಧ ಉಡುಪಿಗೂ 2018ರಲ್ಲಿ ಎಲ್ಲ ಉದ್ಯಮಗಳಿಗೂ ಮತ್ತೆ ತೆರೆದ ಬಾಗಿಲಿದು. ಹೀಗೆ ನೇಮಕಗೊಂಡವನಿಗೆ ಅದೇ ಕೆಲಸದ ಕಾಯಂ ನೌಕರನ ಸಂಬಳ ಕೊಡಬೇಕು, ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಕೊಡಬೇಕು. ಅವಧಿ ಮುಗಿದರೆ ಸಂಬಂಧವೂ ಮುಗಿಯುತ್ತದೆ. ಬೇಡಿಕೆಯ ಏರಿಳಿತವೇ ನಿಜವಾದ ತೊಂದರೆಯಾಗಿದ್ದರೆ ಇದು ಅದಕ್ಕೆ ತಕ್ಕ ಮದ್ದು. ಇಷ್ಟಾದರೂ ಏಜೆನ್ಸಿಯೇ ಬೇಕೆನ್ನುವ ಮಾಲೀಕರು ಬಯಸುತ್ತಿರುವುದು ಹೊಂದಾಣಿಕೆಯ ಸೌಲಭ್ಯವನ್ನಲ್ಲ, ಅಗ್ಗದ ಕೂಲಿಯನ್ನು ಎಂದು ನಾನು ತಿಳಿಯುತ್ತೇನೆ.

ಅಗ್ಗ ಎಂಬುದೂ ಪೂರ್ತಿ ನಿಜವಲ್ಲ. ಏಜೆನ್ಸಿಯ ಬಿಲ್ಲಿನಲ್ಲಿ ಕೂಲಿ, ಭವಿಷ್ಯನಿಧಿ, ಸೇವಾ ಶುಲ್ಕಗಳ ಮೇಲೆ ಶೇ 18ರ ಜಿಎಸ್‌ಟಿ ಇರುತ್ತದೆ. ಕಾರ್ಖಾನೆಯವರು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ತಮ್ಮ ಸೇವೆಗೆ ತೆರಿಗೆ ವಿನಾಯಿತಿ ಇರುವ ಆಸ್ಪತ್ರೆ, ಶಾಲೆಗಳಿಗೆ ಆ ಅನುಕೂಲವಿಲ್ಲ. ಅವರ ಪಾಲಿಗೆ ಅದು ಅಪ್ಪಟ ಖರ್ಚು. ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂಬ ಹೊಣೆ 1970ರ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ.

ಹಾಗೆಂದು ಗುತ್ತಿಗೆಯೇ ಬೇಡವೆನ್ನುವುದು ವ್ಯಾವಹಾರಿಕವಲ್ಲ. ಪೀಣ್ಯದ ಸಣ್ಣ ಘಟಕವೊಂದು ಕಾವಲಿಗೆ, ಕ್ಯಾಂಟೀನಿಗೆ, ವರ್ಷಕ್ಕೊಮ್ಮೆ ಬರುವ ದೊಡ್ಡ ದುರಸ್ತಿಗೆ ಕಾಯಂ ಸಿಬ್ಬಂದಿಯನ್ನು ಸಾಕಲಾರದು. ಆದರೆ ಅದೇ ಘಟಕದ ಲೇತ್ ಯಂತ್ರದ ಮುಂದೆ ನಿಲ್ಲುವವನು ಆರು ತಿಂಗಳಿಗೊಮ್ಮೆ ಬದಲಾದರೆ ತಿರಸ್ಕೃತವಾಗುವ ಬಿಡಿಭಾಗಗಳ ರಾಶಿಯೇ ಅದರ ಬೆಲೆ ಹೇಳುತ್ತದೆ.

ಇನ್ನು ಸರ್ಕಾರ ಉದ್ಯಮಿಗಳಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2006ರ ಉಮಾದೇವಿ ತೀರ್ಪಾಯಿತು. ಹಿಂಬಾಗಿಲ ನೇಮಕಗಳನ್ನು ತಡೆಯುವುದು ಅದರ ಆಶಯ. ಇಲಾಖೆಗಳು ಅದನ್ನು ಓದಿಕೊಂಡ ರೀತಿಯೇ ಬೇರೆ: ಯಾರನ್ನೂ ಕಾಯಂ ಮಾಡಬೇಕಾಗಿಲ್ಲ, ಎಷ್ಟು ವರ್ಷವಾದರೂ ದುಡಿಸಿಕೊಳ್ಳಬಹುದು! ಹನ್ನೊಂದು ತಿಂಗಳ ಆದೇಶ, ಒಂದು ದಿನದ ವಿರಾಮ, ಮತ್ತೆ ಹನ್ನೊಂದು ತಿಂಗಳು ಎಂಬ ಕಡತಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೀರ್ಪನ್ನು ಹೀಗೆ ಆಯುಧವಾಗಿ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ದುಡಿದಿದ್ದ ಸ್ವಚ್ಛತಾ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಸರ್ಕಾರ ಮೊದಲು ಸರಿಪಡಿಸಬೇಕಾದದ್ದು ತನ್ನ ಟೆಂಡರ್ ಪದ್ಧತಿಯನ್ನು. ಕನಿಷ್ಠ ವೇತನ, ಭವಿಷ್ಯನಿಧಿ ಎಲ್ಲರಿಗೂ ಒಂದೇ ಆಗಿರುವಾಗ ಅತಿ ಕಡಿಮೆ ಸೇವಾ ಶುಲ್ಕ ನಮೂದಿಸಿದವನಿಗೆ ಗುತ್ತಿಗೆ ಕೊಟ್ಟರೆ, ಅವನು ತನ್ನ ಲಾಭವನ್ನು ಕಾರ್ಮಿಕನ ಸಂಬಳದಿಂದಲೇ ತೆಗೆಯುತ್ತಾನೆ. ಬಿಲ್ಲು ಪಾಸು ಮಾಡುವ ಮುನ್ನ ಪ್ರತಿ ಕಾರ್ಮಿಕನ ಬ್ಯಾಂಕ್ ಖಾತೆಗೆ ಹಣ ಸಂದಾಯವಾದ ದಾಖಲೆಯನ್ನೂ ಭವಿಷ್ಯನಿಧಿಯ ಚಲನನ್ನೂ ಹೆಸರು ಹೆಸರಾಗಿ ತಾಳೆ ನೋಡಲು ಹೊಸ ಕಾನೂನಾಗಲಿ ಸಮಿತಿಯಾಗಲಿ ಬೇಕಾಗಿಲ್ಲ. ಲೆಕ್ಕ ಶಾಖೆಯ ಒಬ್ಬ ಗುಮಾಸ್ತ ಸಾಕು. ಅವನೂ ಗುತ್ತಿಗೆಯವನಾಗಿರದಿದ್ದರೆ ಒಳ್ಳೆಯದು.