ಹಳೆಯ ಜೀಪಿನ ಜೀರ್ಣೋದ್ಧಾರ

ಹಳೆಯ ಜೀಪನ್ನು ಕೊಂಡು ಸಜ್ಜುಗೊಳಿಸುವ ಅಭಿಲಾಷೆಯು ಇತ್ತೀಚೆಗೆ ಅನೇಕ ಗೃಹಸ್ಥರಲ್ಲಿ ಕಂಡುಬರುತ್ತಿದೆ. ಅಭಿಲಾಷೆಯು ನಿಂದ್ಯವಲ್ಲ, ಆದರೆ ಮನೆಯ ಹಣವು ವ್ಯಯವಾಗುವುದಕ್ಕೆ ಮುನ್ನ ವಿವೇಚನೆಯು ಅವಶ್ಯವೆಂದು ನಾವು ವಾಚಕರಲ್ಲಿ ಬಿನ್ನವಿಸುವೆವು.

ಅಮೇರಿಕದ ವಿಲ್ಲೀಸ್ ಕಾರ್ಖಾನೆಯು 1941ರಿಂದ 1945ರ ವರೆಗೆ ಯುದ್ಧಕ್ಕಾಗಿ ನಿರ್ಮಿಸಿದ ಜೀಪೇ ಈ ವಂಶದ ಮೂಲಪುರುಷ. ಬೇಕಾದಾಗ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ದೊರೆಯುವುದರಿಂದ ಅದು ಕೆಸರನ್ನೂ ಕಡಿದಾದ ಏರನ್ನೂ ಲಕ್ಷಿಸದು. 1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆಯವರು ಇದನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿದರು.

ಕೊಳ್ಳುವವರು ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ವಾಹನದ ಬೆನ್ನೆಲುಬಾದ ಚಾಸಿಯನ್ನು. ತುಕ್ಕು ತಿಂದೆಡೆ ಹಾಕಿದ ತೇಪೆಯು ಬಣ್ಣದಡಿಯಲ್ಲಿ ಅಡಗಿರಬಹುದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿಯಾದ ಕಬ್ಬಿಣವು ಖಣಿಲೆನ್ನುವುದು. ಸವೆದದ್ದು ಮಂದವಾಗಿ ಸದ್ದುಮಾಡುವುದು. ತರುವಾಯ ಚಾಸಿಯ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ನೋಂದಣಿಪತ್ರದೊಡನೆ ಹೊಂದುವುವೋ ಎಂದು ಪರೀಕ್ಷಿಸಬೇಕು. ಹೊಂದದಿದ್ದರೆ ಬೆಲೆಯು ಎಷ್ಟು ಅಗ್ಗವಾದರೂ ಹಿಂದಿರುಗುವುದೇ ಲೇಸು.

50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ಮಾಡಿತು. ಚಾಸಿ, ಮೈಕಟ್ಟು, ಎಂಜಿನುಗಳು ಗಣನೀಯವಾಗಿ ಮಾರ್ಪಟ್ಟಿರಕೂಡದು. ಅಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ ಮೊದಲಾದುವಕ್ಕಲ್ಲದೆ ನಿತ್ಯದ ಸಂಚಾರಕ್ಕೆ ಬಳಸಕೂಡದು. ಆದಕಾರಣ ಮೂಲದ ಪೆಟ್ರೋಲ್ ಎಂಜಿನನ್ನು ಕಿತ್ತು ಡೀಸೆಲಿನದನ್ನು ಕೂರಿಸಿದವರಿಗೆ ಈ ನೋಂದಣಿಯು ಕೈತಪ್ಪುವ ಸಂಭವವುಂಟು. ದಿನವೂ ಓಡಿಸಬೇಕೆನ್ನುವವರಿಗೆ ಇದು ತಕ್ಕ ಮಾರ್ಗವೇ ಅಲ್ಲ.

ದೇವಾಲಯದ ಜೀರ್ಣೋದ್ಧಾರದಲ್ಲಿ ಗಟ್ಟಿಯಾದ ಕಲ್ಲನ್ನು ಯಾರೂ ಕೀಳರು. ಅಂತೆಯೇ ರಿಪೇರಿಯಾಗುವ ಭಾಗವನ್ನು ರಿಪೇರಿ ಮಾಡಿಸಿರಿ. ಆಗದುದನ್ನು ಮಾತ್ರ ಬದಲಿಸಿರಿ. ತೆಗೆದ ಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇರಿಸಿರಿ.