ಒಂಬತ್ತು ಮನೆ, ಎಂಬತ್ತೊಂದು ಕೋಣೆ

ಸ್ಲೇಟಾಗಲಿ, ನೋಟುಪುಸ್ತಕದ ಕೊನೆಯ ಹಾಳೆಯಾಗಲಿ ಕೈಗೆ ಸಿಕ್ಕಿದ ಬಾಲಕ ಬಾಲಿಕೆಯರೆಲ್ಲರೂ ಬಲ್ಲ ಆಟವೊಂದುಂಟು. ಎರಡು ಅಡ್ಡಗೆರೆ, ಎರಡು ಉದ್ದಗೆರೆ. ಅವುಗಳ ನಡುವೆ ಒಂಬತ್ತು ಕೋಣೆಗಳು. ಒಬ್ಬರು ಸೊನ್ನೆಯನ್ನೂ ಮತ್ತೊಬ್ಬರು ಕತ್ತರಿಗುರುತನ್ನೂ ಸರದಿಯಂತೆ ಬರೆಯುತ್ತ ಹೋಗುವುದು. ಯಾರ ಗುರುತು ಮೂರು ಒಂದೇ ಸಾಲಿನಲ್ಲಿ ಬೀಳುವುದೋ ಅವರು ಗೆದ್ದಂತೆ. ಅಮೆರಿಕದವರು ಇದನ್ನೇ ಟಿಕ್-ಟ್ಯಾಕ್-ಟೋ ಎನ್ನುತ್ತಾರೆ.

ಈ ಆಟಕ್ಕೆ ದೋಷವೊಂದಿದೆ. ಗೆಲ್ಲುವ ಸಾಲುಗಳು ಎಂಟೇ ಆದುದರಿಂದ, ಇಬ್ಬರೂ ಎಚ್ಚರದಿಂದಿದ್ದರೆ ಯಾರೂ ಗೆಲ್ಲರು, ಯಾರೂ ಸೋಲರು. ಎಂಟೊಂಬತ್ತು ವರ್ಷದ ಮಗುವಿಗೆ ನಾಲ್ಕು ದಿನ ಆಡುವಷ್ಟರಲ್ಲಿ ಈ ಗುಟ್ಟು ತಿಳಿದುಬಿಡುತ್ತದೆ. ಐದನೆಯ ದಿನ ಸ್ಲೇಟು ಮೂಲೆ ಸೇರುತ್ತದೆ. ಆಗ ಮನೆಯ ಹಿರಿಯರು ಕನಿಕರದಿಂದ ಬೇಕೆಂದೇ ಸೋಲುವುದುಂಟು. ಇದು ನಮಗೆ ಸರಿದೋರುವುದಿಲ್ಲ. ಆ ಸೋಲು ಸುಳ್ಳೆಂಬುದು ಮಗುವಿಗೆ ಗೊತ್ತಾಗದೆ ಇರುವುದಿಲ್ಲ; ಗೊತ್ತಾದ ಮೇಲೆ ನಿಜವಾಗಿ ಗೆದ್ದ ದಿನವೂ ಅದು ಸಂಶಯದಿಂದಲೇ ನಮ್ಮ ಮುಖ ನೋಡುತ್ತದೆ. ಹಿರಿಯರೂ ಕಿರಿಯರೂ ಮನಸಾರೆ ಆಡಿ, ಇಬ್ಬರೂ ನಿಜವಾಗಿ ಸೋಲಬಹುದಾದ ಆಟ ಬೇಕು. ಅಂಥದೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಹಾಳೆಯ ತುಂಬ ದಪ್ಪ ಗೆರೆಗಳಿಂದ ಒಂಬತ್ತು ದೊಡ್ಡ ಮನೆಗಳನ್ನು ಬರೆಯಿರಿ. ಪ್ರತಿಯೊಂದು ಮನೆಯೊಳಗೂ ತೆಳುಗೆರೆಗಳಿಂದ ಒಂಬತ್ತು ಕೋಣೆಗಳು. ಒಟ್ಟು 81. ವಾಸ್ತುಶಾಸ್ತ್ರವನ್ನು ಕಂಡವರಿಗೆ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬರುವ ಏಕಾಶೀತಿಪದದ ಮಂಡಲವು ನೆನಪಾದೀತು. ಈ ಆಟಕ್ಕೂ ಅದಕ್ಕೂ ಸಂಬಂಧವೇನೂ ಇಲ್ಲ. ಆದರೂ ಮನೆಗಳಿಗೂ ಕೋಣೆಗಳಿಗೂ ದಿಕ್ಕುಗಳ ಹೆಸರನ್ನಿಟ್ಟುಕೊಂಡರೆ ಮಾತಿಗೆ ಅನುಕೂಲ. ಮೇಲ್ಭಾಗ ಉತ್ತರ, ಕೆಳಭಾಗ ದಕ್ಷಿಣ, ಬಲ ಪೂರ್ವ, ಎಡ ಪಶ್ಚಿಮ, ಮೂಲೆಗಳು ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ, ನಡುವಣದು ಮಧ್ಯ. ಅಷ್ಟದಿಕ್ಕುಗಳ ಹೆಸರು ಮಕ್ಕಳಿಗೆ ಬಾಯಿಪಾಠವಾಗುವುದೂ ಒಂದು ಲಾಭವೇ.

ಆಟದ ಜೀವವೆಲ್ಲ ಒಂದು ನಿಯಮದಲ್ಲಿದೆ. ನೀವು ಯಾವ ಕೋಣೆಯಲ್ಲಿ ಗುರುತು ಹಾಕುವಿರೋ, ಅದೇ ದಿಕ್ಕಿನ ಮನೆಯಲ್ಲಿಯೇ ಎದುರಾಳಿಯು ಮುಂದಿನ ಗುರುತನ್ನು ಹಾಕತಕ್ಕದ್ದು. ಅದೆಂತೆಂದರೆ, ಯಾವುದೇ ಮನೆಯ ಈಶಾನ್ಯ ಕೋಣೆಯಲ್ಲಿ ನೀವು ಸೊನ್ನೆ ಬರೆದರೆ ಅವನು ಈಶಾನ್ಯದ ಮನೆಗೆ ಹೋಗಬೇಕು. ಅವನು ಅಲ್ಲಿಯ ದಕ್ಷಿಣ ಕೋಣೆಯಲ್ಲಿ ಬರೆದರೆ ನೀವು ದಕ್ಷಿಣದ ಮನೆಗೆ. ಒಂದು ಮನೆಯಲ್ಲಿ ಮೂರು ಗುರುತು ಸಾಲಾದರೆ ಆ ಮನೆ ಗೆದ್ದವರದು. ಅದರ ಮೇಲೆ ದೊಡ್ಡ ಗುರುತೊಂದನ್ನು ಎಳೆಯುವುದು. ಗೆದ್ದ ಮನೆಗಳು ಮೂರು ಸಾಲಾದರೆ ಆಟ ಮುಗಿಯಿತು. ಯಾರೂ ಗೆಲ್ಲದೆ ತುಂಬಿಹೋದ ಮನೆ ಯಾರದೂ ಅಲ್ಲ.

ಮುಗಿದುಹೋದ ಮನೆಗೆ ಕಳುಹಿಸಲ್ಪಟ್ಟವನ ಗತಿಯೇನು? ಅವನು ಮನಸ್ಸಿಗೆ ಬಂದ ಮನೆಯಲ್ಲಿ ಆಡಬಹುದು. ಈ ನಿಯಮವನ್ನು ಬಿಡಬಾರದು. ಗೆದ್ದ ಮನೆಯಲ್ಲಿಯೂ ಬರಿಯ ಕೋಣೆಗಳಿರುವ ತನಕ ಅಲ್ಲಿಯೇ ಆಡಬೇಕೆಂದು ಕೆಲವರು ಕಟ್ಟುಮಾಡಿಕೊಳ್ಳುವರು. ಹಾಗಾದರೆ ಮೊದಲು ಆಡುವವನಿಗೆ ಗೆಲುವು ಖಂಡಿತವೆಂದೂ, 43 ನಡೆಗಳೊಳಗೆ ಅದನ್ನು ಸಾಧಿಸಬಹುದೆಂದೂ 2020ರಲ್ಲಿ ಗಣಿತಜ್ಞರು ತೋರಿಸಿದ್ದಾರೆ. ಅವನು ಮಧ್ಯದ ಮನೆಯ ಮಧ್ಯದ ಕೋಣೆಯಿಂದ ಆರಂಭಿಸಿ, ತಾನು ಹೋದ ಮನೆಯಲ್ಲೆಲ್ಲ ಮಧ್ಯದ ಕೋಣೆಯನ್ನೇ ಹಿಡಿದು ಎದುರಾಳಿಯನ್ನು ಮತ್ತೆ ಮತ್ತೆ ನಡುಮನೆಗೇ ಅಟ್ಟುತ್ತಾನೆ. ನಡುಮನೆಯೇನೋ ಎದುರಾಳಿಗೆ ದಕ್ಕುತ್ತದೆ; ಸುತ್ತಣ ಮನೆಗಳ ನಡುಗೋಣೆಗಳು ಒಂದೊಂದಾಗಿ ಇವನ ಪಾಲಾಗುತ್ತವೆ. ಗೆಲುವು ನಿಶ್ಚಿತವಾದ ಆಟದಲ್ಲಿ ಸ್ವಾರಸ್ಯವೆಲ್ಲಿಯದು?

ಈ ಆಟವನ್ನು ಬಹುಮಂದಿಗೆ ಪರಿಚಯ ಮಾಡಿಸಿದವರಲ್ಲಿ ಅಮೆರಿಕದ ಗಣಿತೋಪಾಧ್ಯಾಯರಾದ ಬೆನ್ ಆರ್ಲಿನ್ ಎಂಬವರು ಮುಖ್ಯರು. ಅವರು ಇದನ್ನು ಕುರಿತು ಬರೆದುದು 2013ರಲ್ಲಿ.

ಕಲಿಯುವಾಗ ಎಲ್ಲರಿಗೂ ಬರುವ ತೊಡಕು ಹಳೆಯ ಆಟದ ಅಭ್ಯಾಸವೇ. ಕಣ್ಣು ಸಣ್ಣ ಮನೆಯೊಂದರಲ್ಲಿಯೇ ನೆಟ್ಟಿರುತ್ತದೆ. ವಾಯವ್ಯದ ಮನೆಯಲ್ಲಿ ತಂಗಿಯ ಸೊನ್ನೆಗಳು ಪಶ್ಚಿಮ ಮತ್ತು ಮಧ್ಯದ ಕೋಣೆಗಳಲ್ಲಿವೆಯೆನ್ನಿ. ಪೂರ್ವದ ಕೋಣೆಯೊಂದನ್ನು ತುಂಬಿದರೆ ಮನೆ ಅವಳದು. ಆದರೆ ಆ ಗುರುತು ಅಣ್ಣನನ್ನು ಪೂರ್ವದ ಮನೆಗೆ ಕಳುಹಿಸುತ್ತದೆ. ಅಲ್ಲಿ ಅವನ ಎರಡು ಕತ್ತರಿಗಳು ಸಾಲಾಗಿ ಕಾದಿವೆ. ನಡುಮನೆ ಮೊದಲೇ ಅವನದು. ಅವನು ಪೂರ್ವವನ್ನೂ ಗೆದ್ದರೆ ಪಶ್ಚಿಮವೊಂದೇ ಉಳಿಯುತ್ತದೆ. ಇದಕ್ಕೆ ಬದಲಾಗಿ ಅವಳು ಆ ವಾಯವ್ಯದ ಮನೆಯಲ್ಲಿಯೇ ದಕ್ಷಿಣದ ಕೋಣೆಯಲ್ಲಿ ಬರೆದು, ಇನ್ನೂ ಬರಿದಾಗಿರುವ ದಕ್ಷಿಣದ ಮನೆಗೆ ಅಣ್ಣನನ್ನು ಕಳುಹಿಸಿದರೆ? ಕೈಗೆ ಬಂದ ಮನೆ ಹೋಯಿತೆಂದು ಮಕ್ಕಳು ಮರುಗುವರು. ಹೋಗಿಲ್ಲ. ಸ್ವೇಚ್ಛೆಯ ನಡೆ ದೊರೆತ ಹೊರತು, ತಂಗಿಯು ಕಳುಹಿಸದೆ ಅಣ್ಣನು ವಾಯವ್ಯಕ್ಕೆ ಬಂದು ಆ ಸಾಲನ್ನು ತಡೆಯಲಾರನು. ಅಷ್ಟೇ ಅಲ್ಲ, ತಂಗಿಯನ್ನು ಅಲ್ಲಿಗೆ ಕಳುಹಿಸಬಾರದೆಂಬ ಭಯದಿಂದ ಎಲ್ಲ ಮನೆಗಳ ವಾಯವ್ಯ ಕೋಣೆಯೂ ಅವನಿಗೆ ಮುಚ್ಚಿದ ಬಾಗಿಲಾಗುತ್ತದೆ. ಗೆಲ್ಲದೆ ಬಿಟ್ಟ ಮನೆಯು ಗೆದ್ದ ಮನೆಗಿಂತ ಹೆಚ್ಚು ಕೆಲಸ ಮಾಡುವುದು ಹೀಗೆ.

ನಮ್ಮ ಮನೆಯಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಹಿಡಿದವರು ನಮ್ಮ ಅಕ್ಕನವರು. ಅವರಿಗೆ ಓದುಬರಹ ಅಷ್ಟಕ್ಕಷ್ಟೇ; ಅಳಗುಳಿಮನೆಯಲ್ಲಿ ಮಾತ್ರ ನಿಸ್ಸೀಮರು. ತಾನು ಹಂಚಿದ ಕಾಳು ಎದುರಿನವರ ಗುಳಿಗಳಿಗೂ ಬಿದ್ದು ಅವರನ್ನು ಬೆಳೆಸುವುದನ್ನು ಎಳೆತನದಿಂದಲೂ ಲೆಕ್ಕವಿಟ್ಟವರು. ಕಾಲೇಜಿನಲ್ಲಿ ಓದುವ ಅವರ ಮೊಮ್ಮಗನು ಮೂರು ಸಂಜೆ ಅವರಿಗೆ ಸೋತನು. "ಎಲ್ಲಿ ಗೆದ್ದೆ ಅಂತ ನೋಡ್ತೀಯೇ ಹೊರತು ನನ್ನ ಎಲ್ಲಿಗೆ ಕಳಿಸ್ದೆ ಅಂತ ನೋಡೋದೇ ಇಲ್ಲವಲ್ಲೋ ಮಗೂ" ಎಂದು ಅವರು ನಕ್ಕರು. ನಾಲ್ಕನೆಯ ಸಂಜೆ ಅವನು ಗೆದ್ದಾಗ ಅಕ್ಕನವರು ಊಟಕ್ಕೇಳದೆ ಮತ್ತೊಂದು ಹಾಳೆ ತರಹೇಳಿದರು.

ಆಟದ ನಡುವೆ ಹುಟ್ಟುವ ಜಗಳಗಳಲ್ಲಿ ಹೆಚ್ಚಿನವು "ನನ್ನನ್ನು ಯಾವ ಮನೆಗೆ ಕಳುಹಿಸಿದ್ದು?" ಎಂಬ ಮರೆವಿನಿಂದ ಬರುವಂಥವು. ಹುಣಿಸೆಯ ಬೀಜವೊಂದನ್ನು ಆಯಾ ಮನೆಯ ಮೇಲಿಟ್ಟು, ಪ್ರತಿ ನಡೆಗೂ ಸರಿಸುತ್ತಿದ್ದರೆ ಸಾಕು. ಇಬ್ಬರಿಗೂ ಬೇರೆ ಬೇರೆ ಬಣ್ಣದ ಪೆನ್ಸಿಲುಗಳಿದ್ದರೆ ಉತ್ತಮ. ದೊಡ್ಡ ಸಾಲು ಯಾರಿಗೂ ಕೂಡಿಬಾರದೆ ಹಾಳೆ ತುಂಬಿದರೆ ಸರಿಸಮವೋ, ಹೆಚ್ಚು ಮನೆ ಗೆದ್ದವರಿಗೆ ಜಯವೋ ಎಂಬುದನ್ನು ಗೆರೆ ಎಳೆಯುವ ಮುನ್ನವೇ ಗೊತ್ತುಮಾಡಿಕೊಳ್ಳತಕ್ಕದ್ದು. ನಮ್ಮಲ್ಲಿ ಮನೆಗಳನ್ನೆಣಿಸುವ ಪದ್ಧತಿ. ಅಕ್ಕನವರಿಗೆ ಅದು ಒಪ್ಪಿಗೆಯಿಲ್ಲ.